ಬೆಳಕಿಗೆ ಮೊದಲು ಹಚ್ಚಿದ ಮುಲಾಮು

ಒಂದ್ನಿಮಿಷ! ಈ ಹುಡುಗಿ ಶುದ್ಧ ಪೆದ್ದಿ ಅಂತ ತೀರ್ಪು ಕೊಡುವ ಮೊದಲು ಪೂರ್ತಿ ಕೇಳಿಬಿಡಿ, ಪ್ಲೀಸ್...

ಗಿರಾಕಿಗಳಿಗೆಲ್ಲ ತೋಳಿಲ್ಲದ ಫ್ರಾಕು ಹೊಲಿಯುವ ದರ್ಜಿ ಅವಳು. ತನಗೆ ಮಾತ್ರ ಮಣಿಕಟ್ಟಿನವರೆಗೂ ತೋಳು. ಅದಕ್ಕೇ ಅತ್ತಿಗೆ ಇಟ್ಟ ಹೆಸರು ಉದ್ದತೋಳು. ಆ ತೋಳಿನ ಕೆಳಗಿದ್ದದ್ದು ಸೋರಿಯಾಸಿಸ್. ಕೆಂಪು ಮಚ್ಚೆ, ಮೇಲೆ ಬಿಳಿ ಹೊಟ್ಟು.

ಮುಲಾಮೊಂದೇ ಸಾಲದು, ಬೆಳಕಿನ ಚಿಕಿತ್ಸೆಯೂ ಬೇಕು ಎಂದರು ಡಾಕ್ಟರಮ್ಮ. ಗೌನು ತೊಟ್ಟು ಆ ನೀಲಿ ದೀಪಗಳ ಪೆಟ್ಟಿಗೆಯಲ್ಲಿ ನಿಂತು ಹೊರಬಂದರೆ, ಯಂತ್ರ ನಡೆಸುವವನು ಪೊರಕೆ ಹಿಡಿದು ನಿಂತಿದ್ದ!

"ಒಂಚೂರು ಸರೀತೀರಾ?"

ಅವಳಿಂದ ಉದುರಿದ ಹೊಟ್ಟನ್ನು ಗುಡಿಸಿ, ಗೋಡೆ ಕಡೆ ಮುಖ ತಿರುಗಿಸಿಬಿಟ್ಟ.

ಅಯ್ಯೋ... ಹೇಸಿಗೆ ಪಟ್ಟನಾ? ಅಷ್ಟು ಚೆಂದದ ಕಣ್ಣಿನವನು!

ಮರುಸಲದಿಂದ ಮನೆಯಲ್ಲೇ ಹೊಟ್ಟು ಕರಗಿಸುವ ಮುಲಾಮು ಮೆತ್ತಿಕೊಂಡು ಹೊರಟಳು. ಅದನ್ನು ಹಚ್ಚಬೇಕಾದ್ದು ಬೆಳಕಿನ ಚಿಕಿತ್ಸೆ ಮುಗಿದ ಮೇಲೆ! ಮೊದಲೇ ಹಚ್ಚಿದರೆ ಬೆಳಕನ್ನು ಚರ್ಮದೊಳಗೆ ಇಳಿಯಲು ಬಿಡುವುದಿಲ್ಲ.

"ಏನಾದ್ರೂ ಹಚ್ಕೊಂಡಿದೀರಾ?" ಪ್ರತಿ ಸಲವೂ ಕೇಳುತ್ತಿದ್ದ.

"ಇಲ್ಲಪ್ಪ!"

ಮಚ್ಚೆ ಜಪ್ಪಯ್ಯ ಅನ್ನಲಿಲ್ಲ. ಅವನು ಪಾಪ, ನಿಯಮದಂತೆ ಬೆಳಕು ಹೆಚ್ಚಿಸುತ್ತಾ ಹೋದ. ಮಾತೂ ಹೆಚ್ಚಿತು.

"ನನ್ನ ಅಂಗಿಗೆ ಗುಂಡಿ ಹಾಕ್ಕೊಡ್ತೀರಾ?"

"ಅಂಗಡಿಗೆ ಬನ್ರೀ, ಇಲ್ಲಿ ನಾನು ಪೇಷಂಟು!"

ನಗುತ್ತಿದ್ದ. ಆದರೆ ಅವಳು ಪೆಟ್ಟಿಗೆಯಿಂದ ಹೊರಬಂದರೆ ಮತ್ತೆ ಗೋಡೆ! ಅವಳಿಗೆ ನಿದ್ದೆಯಿಲ್ಲ, ಹೊಲಿಗೆ ನೆಟ್ಟಗಿಲ್ಲ...

ಒಂದು ಬೆಳಿಗ್ಗೆ ಮುಲಾಮು ಬಚ್ಚಲುಮನೆಯಲ್ಲಿ, ಬಚ್ಚಲುಮನೆಯಲ್ಲಿ ಅತ್ತಿಗೆ!

"ಅತ್ತಿಗೇ, ಬಾಗ್ಲು ತೆಗೀರಿ! ಲೇಟಾಯ್ತು!"

"ತಲೆಗೆ ಬಣ್ಣ ಹಚ್ಕೋತಿದೀನಿ ಕಣೇ, ಕುಣೀಬೇಡ!"

ಹಚ್ಚದೆಯೇ ಓಡಿದಳು. ಅಷ್ಟು ಹೆಚ್ಚಿಸಿದ್ದ ಬೆಳಕು ನೇರ ಚರ್ಮಕ್ಕೆ! ಸಂಜೆಗೆ ಕೈಯೆಲ್ಲ ಕೆಂಡ. ಅತ್ತಿಗೆ ಆಗಲೇ ಆಸ್ಪತ್ರೆಗೆ ಫೋನು ಮಾಡಿ ಕೂಗಾಡಿದರು.

ಮರುದಿನ ಆಸ್ಪತ್ರೆಗೆ ಹೋದರೆ ಡಾಕ್ಟರಮ್ಮ ಅವನನ್ನು ತರಾಟೆಗೆ ತೆಗೆದುಕೊಂಡಿದ್ದರು. ಕಾದು ಕೂತ ರೋಗಿಗಳೆಲ್ಲ ಕಿವಿ ನಿಮಿರಿಸಿದ್ದರು.

"ನಾನೇ ಎಲ್ಲೋ ಅಳತೆ ತಪ್ಪಿರ್ಬೇಕು ಮೇಡಂ," ಎನ್ನುತ್ತಿದ್ದ ಅವನು. "ನನ್ನ ಕೆಲಸದಿಂದ ತೆಗ್ದುಬಿಡಿ. ಇನ್ನೊಬ್ರನ್ನ ಹೀಗೆ ಸುಡೋದು ನನ್ನಿಂದಾಗಲ್ಲ."

ಸುಮ್ಮನಿದ್ದರೆ ಅವಳ ಮಾನ ಉಳಿಯುತ್ತದೆ. ಅವನು ಹೋಗುತ್ತಾನೆ. ಹೋಗಿಬಿಡುತ್ತಾನೆ...!

"ತಪ್ಪು ಅವ್ರದ್ದಲ್ಲ!" ಕೂಗಿಯೇಬಿಟ್ಟಳು. "ದಿನಾ ಮೊದ್ಲೇ ಮುಲಾಮು ಹಚ್ಕೊಂಡು ಬಂದು ಸುಳ್ಳು ಹೇಳ್ತಿದ್ದೆ. ನಿನ್ನೆ ಮಾತ್ರ ಹಚ್ಚಿರ್ಲಿಲ್ಲ. ಹೊಟ್ಟು ಉದುರೋದು ಇವ್ರಿಗೆ ಕಾಣ್ಬಾರ್ದು ಅಂತ... ಇವ್ರ ಕಣ್ಣಿಗೆ ನಾನು ಚೆನ್ನಾಗಿರ್ಬೇಕಿತ್ತು!"

ಕಾದು ಕೂತವರ ಕತ್ತೆಲ್ಲ ಅವಳತ್ತ ತಿರುಗಿತು.

"ಸುಟ್ಟಿದ್ದು ಮೊದ್ಲು ಆರ್ಲಿ," ಡಾಕ್ಟರಮ್ಮ ತುಟಿಯಂಚಲ್ಲೇ ನಕ್ಕರು. "ಆಮೇಲೆ ಕಮ್ಮಿ ಬೆಳಕಿಂದ ಶುರು. ಮುಲಾಮು ಬೆಳಕಿನ ಚಿಕಿತ್ಸೆ ಮುಗಿದ್ಮೇಲೆ, ತಿಳೀತಾ?" ಎಂದು ಇಬ್ಬರನ್ನೂ ಬೆಳಕಿನ ಕೋಣೆಗೆ ಅಟ್ಟಿದರು.

"ಯಾಕೆ ಗೋಡೆ ನೋಡ್ತಿದ್ರಿ? ಹೇಸಿಗೆ ಆಗ್ತಿತ್ತಾ?"

"ಹೇಸಿಗೆನಾ?! ಗೌನಲ್ಲಿರೋ ಹುಡುಗೀನ ಗುರಾಯಿಸೋಕಾಗತ್ತೇನ್ರೀ? ಅದೂ ನಿಮ್ಮನ್ನ... ಒಂದ್ಸಲ ನೋಡಿದ್ರೆ ಕಣ್ಣು ಕೀಳೋಕಾಗ್ತಿರ್ಲಿಲ್ಲ."

"ಇದು ಪೂರ್ತಿ ವಾಸಿ ಆಗೋ ಕಾಯಿಲೆ ಅಲ್ಲ. ಹೋಗತ್ತೆ, ಮತ್ತೆ ಬರತ್ತೆ."

"ಬರ್ಲಿ ಬಿಡಿ. ನಾನಂತೂ ಹೋಗಲ್ಲ."

ಅವಳ ಕಣ್ಣು ತುಂಬಿ ಬಂತು...

ಈಗ ಹೇಳಿ, ಅವಳ ಜಾಗದಲ್ಲಿ ನೀವಿದ್ದಿದ್ದರೆ ಅಷ್ಟು ಜನರೆದುರು ಬಾಯಿ ಬಿಡುತ್ತಿದ್ದಿರಾ, ಇಲ್ಲ ತುಟಿ ಹೊಲಿದುಕೊಂಡು ಕೂರುತ್ತಿದ್ದಿರಾ?