ಗೋಡೆಗೆ ಕಟ್ಟಿದ ತಂತಿ

"ಲೇ! ನಿಲ್ಲಸ್ತೀಯೋ ಇಲ್ಲೋ!"

ಶಿವಕುಮಾರಿ ಹಾಸಿಗೆಯ ಪಕ್ಕದಲ್ಲಿದ್ದ ಹಿತ್ತಾಳೆ ತಂಬಿಗೆ ಎತ್ತಿ ಗೋಡೆಗೆ ಬಾರಿಸಿಯೇ ಬಿಟ್ಟಳು.

ದಡ್... ದಡ್... ದಡ್!

ಮೂರನೇ ಪೆಟ್ಟಿಗೆ ಸೊಂಟ ತಿರುಗಿ, ಪ್ಲಾಸ್ಟರಿನೊಳಗಿನ ಕಾಲು ಜುಂ ಎಂದಿತು. ಉಸಿರು ಹಿಡಿದು ಕಣ್ಣು ಮುಚ್ಚಿದಳು. ನೋವು ಇಳಿಯಿತು, ಸಿಟ್ಟು ಇಳಿಯಲಿಲ್ಲ. ಇನ್ನೆರಡು ಬಿಟ್ಟಳು.

ದಡ್ ದಡ್!

ಗೋಡೆಯಾಚೆ ಗಿಟಾರ್ ಗಪ್‌ಚುಪ್ಪಾಯಿತು.

ಅಬ್ಬಾ! ಒಂದು ವಾರದಿಂದ ದಿನಾ ಮಧ್ಯಾಹ್ನ ಅದೇ ಐದು ಸ್ವರ, ಅದೇ ಐದು ಸ್ವರ... ತಲೆ ಚಿಟ್ಟು ಹಿಡಿದು ಹೋಗಿತ್ತು. ಆಕೆ ತಂಬಿಗೆ ಕೆಳಗಿಟ್ಟಳು. ಅಷ್ಟರಲ್ಲಿ ಗಿಟಾರ್ ಮತ್ತೆ ಶುರುವಾಯಿತು.

ಡಂ... ಡಂ... ಡಂ. ಒಂದು ಉಸಿರಿನಷ್ಟು ಬಿಡುವು. ಡಂ ಡಂ!

ಶಿವಕುಮಾರಿ ಬಾಯಿ ತೆರೆದು ಕೂತಳು. ಆಕೆ ಹೊಡೆದ ಪೆಟ್ಟುಗಳೇ ಅವು! ನೋವಿಗೆ ಉಸಿರು ಹಿಡಿದಳಲ್ಲ, ಆ ಬಿಡುವನ್ನೂ ಪುಣ್ಯಾತ್ಮ ಬಿಟ್ಟಿರಲಿಲ್ಲ.

ನನ್ನ ಸಿಟ್ಟನ್ನೇ ಬಾರಿಸುತ್ತಿದ್ದಾನಲ್ಲ ಇವನು...

ಬೈಯಲು ಬಾಯಿ ತೆರೆದವಳಿಗೆ ನಗು ಬಂದುಬಿಟ್ಟಿತು. ಹದಿನಾಲ್ಕು ದಿನದಲ್ಲಿ ಮೊದಲ ನಗು ಅದು.

ಹದಿನಾಲ್ಕು ದಿನದ ಹಿಂದೆ ದಢೇಸುಗೂರಿನ ಶಾಲೆಯಲ್ಲಿ ಪಾಠ ಮುಗಿಸಿ ಬರುವಾಗ, ಕಾಲುವೆ ದಾರಿಯ ಕೆಸರಿಗೆ ಸ್ಕೂಟಿ ಜಾರಿತ್ತು. ಬಲಗಾಲು ಮುರಿದಿತ್ತು. ಡಾಕ್ಟರು ತೊಡೆಯವರೆಗೆ ಪ್ಲಾಸ್ಟರ್ ಹಾಕಿ, "ಆರು ವಾರ ಅಲುಗಾಡಬ್ಯಾಡವ್ವ" ಅಂದಿದ್ದರು. ಸಿಂಧನೂರಿನ ಮನೆಯ ಹಿಂದಿನ ಕೋಣೆ, ಒಂದು ಮಂಚ, ಒಂದು ಕಿಟಕಿ. ಕಿಟಕಿಯಾಚೆ ರೈಸ್ ಮಿಲ್ಲಿನ ಹಿಂಬದಿಯ ತಗಡು. ಅಷ್ಟೇ ಆಕೆಯ ಪ್ರಪಂಚ.

ಆರು ವಾರ ಕಳೆದರೆ ಬಿಡುಗಡೆ ಅಂತೀರಾ? ಅಲ್ಲೇ ಇರುವುದು ತಮಾಷೆ. ಪ್ಲಾಸ್ಟರ್ ಬಿಚ್ಚುವ ದಿನದ ಸಂಜೆಯೇ ಮುದಗಲ್ಲಿನವರು ನಿಶ್ಚಯಕ್ಕೆ ಬರುವವರಿದ್ದರು!

ಬಟ್ಟೆ ಅಂಗಡಿ ಮನೆತನ, ಹುಡುಗ ಒಳ್ಳೆಯವನು. ಕೆಲಸ ಮಾತ್ರ ಬಿಡಬೇಕಂತೆ. ಕಾಲು ಮುರಿಯುವ ಮೊದಲೇ ಅಪ್ಪ ಸೂಗಪ್ಪ ಈ ಸುದ್ದಿ ಹೇಳಿದಾಗ ಶಿವಕುಮಾರಿ ನೆಲ ನೋಡುತ್ತಾ ನಿಂತಿದ್ದಳು. 'ಬೇಡ' ಎಂಬ ಮಾತು ಬಾಯಿಗೆ ಬರಲಿಲ್ಲ.

"ಸುಮ್ಮಿದ್ದಾಳ ಅಂದ್ರ ಒಪ್ಪ್ಯಾಳಂತನ ಅರ್ಥ" ಎಂದು ಅಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಗಂಜ್ ಮಾರುಕಟ್ಟೆಯ ಅಂಗಡಿಗೆ ಹೊರಟುಬಿಟ್ಟಿದ್ದ. ಆ ಮನೆಯಲ್ಲಿ ಅಜ್ಜಿಯ ಮದುವೆಯೂ ಹಾಗೇ ಆಗಿತ್ತು, ಅವ್ವ ಸಂಗಮ್ಮನದೂ ಹಾಗೇ.

ಒಂದೊಂದು ದಿನ ಕಳೆದಾಗಲೂ ಕಾಲು ಹಗುರಾಗುತ್ತಿತ್ತು, ಎದೆ ಭಾರವಾಗುತ್ತಿತ್ತು.

"ಅಕ್ಕಾರ... ಅಕ್ಕಾರ..."

ಮಾತು ಗೋಡೆಯ ಮೇಲಿನ ಬೆಳಕಿಂಡಿಯಿಂದ ಬಂತು. ಹಿಂದೆ ಎರಡೂ ಮನೆ ಒಂದೇ ಇದ್ದಾಗ ಬಿಟ್ಟ ಕಿಂಡಿ ಅದು, ಕೈ ಹಾಯುವಷ್ಟು. ಆಚೆಗಿನ ಕೋಣೆಯನ್ನು ಪಕ್ಕದ ಮನೆಯ ಮೌಲಾಸಾಬ್ ಬಾಡಿಗೆಗೆ ಕೊಟ್ಟಿದ್ದ.

"ಯಾರಿಗೆ ಅಕ್ಕಾ ಅಂತೀರಿ? ನನಗ ಇಪ್ಪತ್ನಾಕು!"

"ಮಾಫ್ ಮಾಡ್ರಿ... ನನಗ ಇಪ್ಪತ್ತೇಳು. ಸಿದ್ದರಾಮ ಅಂತ್ರಿ, ಮಸ್ಕಿಯಾಂವ. ಕರೆಂಟ್ ಆಫೀಸ್‌ನ್ಯಾಗ ಲೈನ್‌ಮ್ಯಾನ್. ನಿಮಗ ತ್ರಾಸ ಆಗಾಕತ್ತಿದ್ದು ಗೊತ್ತಿರಲಿಲ್ಲ. ಆದ್ರ... ಇನ್ನೊಂದ್ಸಲ ಹೊಡೀತೀರೇನು?"

"ಏನು?!"

"ಆ ಐದು ಪೆಟ್ಟು. ಅದರ ನಡುವಿನ ಗ್ಯಾಪ್ ಐತಲ್ರಿ, ಅದು ಸಿಗವಲ್ದು ನನಗ. ತಿಂಗಳಾತು ಒಂದು ರಿಫ್ ಕಟ್ಟಾಕ ಬಡದಾಡಾಕತ್ತೀನಿ."

"ರಿಫ್ ಅಂದ್ರೇನು?"

"ಸಣ್ಣ ತುಂಡ್ರಿ. ಸುತ್ತಿ ಸುತ್ತಿ ಅದ ಬರಬೇಕು. ಕೇಳಿದವರು ಮನಿಗೆ ಹೋಗಿ ರೊಟ್ಟಿ ತಿನ್ನಾಗೂ ಬಾಯಾಗ ಅದ ಇರಬೇಕು. ರಾಕ್ ಮ್ಯೂಸಿಕ್ಕಿಗೆ ಅದ ಜೀವ."

ಟೀಚರ್ ಅಲ್ಲವೇ, ಶಿವಕುಮಾರಿಗೆ ಸುಮ್ಮನಿರಲಾಗಲಿಲ್ಲ. "ಅದು ಹುಟ್ಟಿದ್ದೆಲ್ಲಿ?"

ಆಚೆ ಸ್ಟೂಲ್ ಎಳೆದ ಸಪ್ಪಳ. ಯಾರೂ ಇದುವರೆಗೆ ಕೇಳದ ಪ್ರಶ್ನೆ ಕೇಳಿದ್ದಕ್ಕೆ ಅವನ ದನಿಯೇ ಬೇರೆಯಾಗಿತ್ತು.

"ನಾ ಓದಿದ್ದು ಹೇಳತೀನ್ರಿ. ಅಮೆರಿಕಾದಾಗ ಹತ್ತಿ ಬಿಡಿಸೋ ಕರಿಯ ಮಂದಿ ಇದ್ರು. ಅವರ ಹಿರ್ಯಾರು ಗುಲಾಮರು. ಗಿಟಾರ್ ಎಲ್ಲಿಂದ ತರಬೇಕು? ಕಸಬರಿಗಿಗೆ ಕಟ್ಟಿದ್ದ ತಂತಿ ಬಿಚ್ಚಿ, ಮನಿ ಗ್ವಾಡಿಗೆ ಎರಡು ಮೊಳಿ ಹೊಡದು ಬಿಗೀತಿದ್ರು. ತಂತಿ ಕೆಳಗ ಒಂದು ಬಾಟ್ಲಿ ಸಿಗಸಿದ್ರ ಮುಗೀತು. ಇಡೀ ಮನೀನ ವಾದ್ಯ!"

"ಒಂದ ತಂತಿ?"

"ಒಂದ. ಅದರಾಗ ಎಷ್ಟಂತ ಬಾರಸ್ತಾರ? ಸಣ್ಣ ತುಂಡ ತಿರುಗಿ ತಿರುಗಿ. ಬಾಯಿ ಒಂದು ಸಾಲು ಹಾಡಿ ಬಿಡೂದು, ತಂತಿ ಜವಾಬು ಕೊಡೂದು. ಮುಂದ ಆ ಮಂದಿ ಪ್ಯಾಟಿಗೆ ಬಂದ್ರು, ಗಿಟಾರಿಗೆ ಕರೆಂಟ್ ಬಂತು, ರಾಕ್ ಅಂತ ಹೆಸರಾತು. ಬೇರು ಹಿಡಕೊಂಡು ಹೋದ್ರ ಗ್ವಾಡಿಗೇ ಬಂದು ನಿಲ್ತೀವ್ರಿ."

ನಮ್ಮ ಮಠದ ಭಜನೆಯ ಏಕತಾರಿಯೂ ಒಂದೇ ತಂತಿಯದ್ದಲ್ಲವೇ... ಶಿವಕುಮಾರಿ ತನ್ನ ಗೋಡೆ ನೋಡಿದಳು. ಸೊಳ್ಳೆಪರದೆ ಕಟ್ಟಲು ಹೊಡೆದ ಎರಡು ಮೊಳೆಗಳು ಅಲ್ಲೇ ಇದ್ದವು.

"ನಿಮ್ಹತ್ರ ತಂತಿ ಐತೇನ್ರಿ?" ಕೇಳಿಯೇಬಿಟ್ಟಳು.

"ಲೈನ್‌ಮ್ಯಾನಿಗೆ ತಂತಿ ಬರಗಾಲ ಏನ್ರಿ!"

ಕಿಂಡಿಯಿಂದ ಒಂದು ಕೈ ಬಂತು. ಕಪ್ಪನೆಯ ಕೈ, ಬೆರಳ ತುದಿಗಳು ಗಿಟಾರಿಗೆ ಗಟ್ಟಿಯಾದವು, ಹೆಬ್ಬೆರಳ ಮೇಲೆ ಸುಟ್ಟ ಕಲೆ. ಸಣ್ಣ ಉಕ್ಕಿನ ತಂತಿಯ ಸುರುಳಿ ಹಾಸಿಗೆಯ ಮೇಲೆ ಬಿತ್ತು, ಕೈ ಹಿಂದಕ್ಕೆ ಹೋಯಿತು. ಮುಂದಿನ ನಾಲ್ಕು ವಾರ ಆಕೆ ಅವನಲ್ಲಿ ಕಂಡಿದ್ದು ಅದೊಂದೇ ಕೈ.

ತಂತಿ ಬಿಗಿದಳು. ಕೆಳಗೆ ಔಷಧಿ ಬಾಟಲಿ ಸಿಗಿಸಿದಳು. ಚಮಚೆಯಿಂದ ಮೀಟಿದರೆ... ಗೋಡೆ ಗುಂಯ್ ಎಂದಿತು! ಆ ಸದ್ದು ಬೆನ್ನಿನಿಂದ ಎದೆಗೆ ಇಳಿದಂತಾಗಿ ಆಕೆಯ ಮೈ ಝುಂ ಎಂದಿತು. ತನ್ನನ್ನು ಕಟ್ಟಿಹಾಕಿದ ಗೋಡೆಗೂ ದನಿಯಿತ್ತು!

ಅಲ್ಲಿಂದ ಮಧ್ಯಾಹ್ನಗಳು ಬೇರೆಯೇ ಆದವು. ಅವನು ಒಂದು ಸಾಲು, ಆಕೆ ಜವಾಬು. ಮೂರು ಸ್ವರ, ಬಿಡುವು, ಎರಡು ಸ್ವರ. ಕರೆಂಟ್ ಹೋದರೆ ಅವನ ಗಿಟಾರ್ ಸಣ್ಣಗಾಗುತ್ತಿತ್ತು, ಆಕೆಯ ಗೋಡೆ ಮಾತ್ರ ನಡೆಯುತ್ತಲೇ ಇತ್ತು.

"ಊರಿಗೆಲ್ಲ ಕರೆಂಟ್ ಕೊಡೋರಿಗೆ ಕರೆಂಟಿಲ್ಲ ನೋಡ್ರಿ!"

"ನಗ್ರಿ ನಗ್ರಿ. ಕಂಬ ಏರಾಕ ಹೊಂಟೀನಿ, ಬಂದು ಕೇಳತೀನಿ."

ಅವ್ವ ಸಂಗಮ್ಮ ರೊಟ್ಟಿ ತಟ್ಟೆ ತಂದಾಗ ತಂತಿ ಕಂಡಳು. "ಇದೇನಬೇ?"

"ಟವೆಲ್ ಒಣಹಾಕಾಕವ್ವ."

ಸಂಗಮ್ಮ ಮಗಳ ಮುಖ ನೋಡಿದಳು, ಔಷಧಿ ಬಾಟಲಿ ನೋಡಿದಳು. ಏನೂ ಅನ್ನದೆ ಒಂದು ಟವೆಲ್ ತಂದು ಮಂಚದ ಮೇಲಿಟ್ಟು ಹೋದಳು.

ಅಪ್ಪನಿಗೆ ಗೊತ್ತಾಗಲಿಲ್ಲವೇ? ಆತ ಪಡಸಾಲೆಯಲ್ಲಿ ಊಟದ ನಂತರ ಅಡ್ಡಾಗಿ, "ಮೌಲಾಸಾಬ್ನ ಬಾಡಿಗಿದಾರಂದು ಏನು ಕಾಟಲೇ!" ಎಂದು ಬೈಯುತ್ತಲೇ ಪಾದ ಕುಣಿಸುತ್ತಿದ್ದ.

ಒಂದು ದಿನ ಸಿದ್ದರಾಮ ಹೇಳಿದ. "ಇದು ನಿಮ್ದ ತುಂಡ್ರಿ. ಆ ಗ್ಯಾಪ್ ಇಲ್ಲಂದ್ರ ಬರೇ ಸಪ್ಪಳ. ಸುಮ್ಮಿರೂದರಾಗ ಎಷ್ಟೋ ಮಾತಿರ್ತಾವು, ಮಂದಿಗೆ ಕೇಳಸೂದಿಲ್ಲ."

ಶಿವಕುಮಾರಿಯ ಕಣ್ಣು ತುಂಬಿತು. ನನ್ನ ಮೌನವನ್ನು 'ಹೂಂ' ಅಂತ ಓದದ ಒಬ್ಬನೇ ಒಬ್ಬ ಮನುಷ್ಯ... ಅವನ ಮುಖವನ್ನೇ ನಾನು ನೋಡಿಲ್ಲ!

ಮದುವೆ ವಿಷಯ ಹೇಳಬೇಕೆಂದುಕೊಂಡಳು. ನಾಳೆ ಹೇಳಿದರಾಯಿತು ಎಂದುಕೊಂಡಳು. ಆ ನಾಳೆ ಬರಲೇ ಇಲ್ಲ.

ಪ್ಲಾಸ್ಟರ್ ಬಿಚ್ಚಲು ಐದು ದಿನ ಇರುವಾಗ, ಲಿಂಗಸುಗೂರಿನ ಕಾಲೇಜೊಂದರ ವಾರ್ಷಿಕ ಗ್ಯಾದರಿಂಗಿನಲ್ಲಿ ಸಿದ್ದರಾಮನ ತಂಡದ ಕಾರ್ಯಕ್ರಮವಿತ್ತು. ಗೆಳೆಯ ಪರ್ವೇಜ್ ಡ್ರಮ್ಸಿಗೆ. "ನಮ್ಮ ರಿಫ್ ಬಾರಸ್ತೀನ್ರಿ" ಅಂದು ಹೋಗಿದ್ದ.

ಮರುದಿನ ಬೆಳಿಗ್ಗೆ ಶಾಲೆಯ ಗೆಳತಿ ಮೇಘಾ, ಎಲ್ಲರ ಮೊಬೈಲಿನಲ್ಲೂ ಹರಿದಾಡುತ್ತಿದ್ದ ಆ ಕಾರ್ಯಕ್ರಮದ ವಿಡಿಯೊ ಕಳಿಸಿದಳು. ಇಡೀ ಮೈದಾನ ಚಪ್ಪಾಳೆ ತಟ್ಟುತ್ತಿದೆ, ಹುಡುಗ ಹುಡುಗಿಯರು ಕುಣಿಯುತ್ತಿದ್ದಾರೆ. ಬೆಳಕು ಹಿಂದಿನಿಂದ ಬಿದ್ದು ಅವನ ಮುಖ ಕತ್ತಲಾಗಿದೆ. ಕೈ ಮಾತ್ರ ಗುರುತು ಸಿಕ್ಕಿತು.

ಮೈಕ್ ಹಿಡಿದವನು ಕೇಳಿದ. "ಈ ರಿಫ್ ಯಾರು ಕಟ್ಟಿದ್ದು?"

ಶಿವಕುಮಾರಿ ಮೊಬೈಲನ್ನು ಕಿವಿಯ ಹತ್ತಿರ ತಂದಳು.

"ಒಂದು ಗ್ವಾಡಿ ಹೇಳಿಕೊಟ್ಟಿದ್ದು" ಎಂದ ಸಿದ್ದರಾಮ. ಜನ ಹೋ ಎಂದು ನಕ್ಕರು.

ಗೋಡೆ?!

ನಾನು ಗೋಡೆಯೇ? ಅಪ್ಪನಿಗೆ ಮಾತಾಡದ ಮಗಳು, ಇವನಿಗೆ ಹೆಸರಿಲ್ಲದ ಗೋಡೆ! ದಿಂಬಿಗೆ ಮುಖ ಒತ್ತಿ ಅತ್ತಳು. ಅವನು ಬಂದು ಮೂರು ಸ್ವರ ಬಾರಿಸಿ ಕಾದ. ಜವಾಬು ಕೊಡಲಿಲ್ಲ. ಮತ್ತೆ ಬಾರಿಸಿದ. ತಂತಿಯನ್ನು ಕೈಯಿಂದ ಒತ್ತಿ ಹಿಡಿದು ಕೂತಳು.

ಮರುದಿನ ಬಾಗಿಲಲ್ಲಿ ಅವ್ವನಿಗೆ ಅವನು ಕೇಳಿದ್ದು ಕಿವಿಗೆ ಬಿತ್ತು. "ಅಮ್ಮಾರ, ಒಳಗಿನವರಿಗೆ ಆರಾಮಿಲ್ಲೇನ್ರಿ?"

"ಆರಾಮದಾಳಪ. ಶುಕ್ರವಾರ ಆಕಿ ನಿಶ್ಚಯ."

"ಅವರು... ಒಪ್ಯಾರೇನ್ರಿ?"

"ಸುಮ್ಮಿದ್ದಾಳ... ಒಪ್ಯಾಳಂತ ಅವರಪ್ಪ ಅಂತಾರ."

ಆಮೇಲೆ ಗೋಡೆಯಾಚೆ ಗಿಟಾರ್ ಸೊಲ್ಲೆತ್ತಲಿಲ್ಲ.

ಶುಕ್ರವಾರ ಬೆಳಿಗ್ಗೆ ಪ್ಲಾಸ್ಟರ್ ಕೊಯ್ದರು. ಬಿಳಿಚಿ ಸಣ್ಣಗಾದ ಕಾಲು ಬೇರೆ ಯಾರದೋ ಅನ್ನಿಸಿತು. ಸಂಜೆ ಹಸಿರು ಇಳಕಲ್ ಸೀರೆ ಉಟ್ಟು, ಕೋಲು ಊರಿಕೊಂಡು ಪಡಸಾಲೆಗೆ ಬಂದಳು. ಮುದಗಲ್ಲಿನ ಐದು ಮಂದಿ, ಹಿರಿಯರಾದ ಕರಿಬಸಯ್ಯನವರು, ತಟ್ಟೆಯಲ್ಲಿ ಸೀರೆ, ಸಕ್ಕರೆ, ಎಲೆ ಅಡಿಕೆ.

ಹುಡುಗನ ತಾಯಿ ಕೇಳಿದಳು. "ಹುಡುಗಿ ಒಪ್ಯಾಳಲ್ರಿ?"

"ಸುಮ್ಮಿದ್ದಾಳಂದ್ರ ಒಪ್ಪಿದಂಗಲ್ರಿ!" ಸೂಗಪ್ಪ ನಕ್ಕ. ಎಲ್ಲರೂ ನಕ್ಕರು.

ಶಿವಕುಮಾರಿ ಗೋಡೆಯ ಕಡೆ ಕಿವಿಯಿಟ್ಟಳು. ಒಂದು ಸ್ವರ... ಒಂದೇ ಒಂದು ಸ್ವರ ಬಾರಿಸೋ, ಮಹಾರಾಯ!

ಏನೂ ಇಲ್ಲ.

ನಿಶ್ಚಯದ ಸಕ್ಕರೆ ಹಂಚಲು ಕರಿಬಸಯ್ಯನವರು ತಟ್ಟೆಗೆ ಕೈ ಹಾಕಿದರು. ಆಗ ಆಕೆಗೆ ಅರ್ಥವಾಯಿತು. ಮೊದಲ ಮೂರು ಪೆಟ್ಟು ಹೊಡೆದವಳು ತಾನು. ಉಳಿದ ಎರಡನ್ನೂ ತಾನೇ ಹೊಡೆಯಬೇಕು.

"ಯಪ್ಪಾ, ತಡೀರಿ." ಆಕೆ ಕೋಲು ಊರಿ ನೆಟ್ಟಗೆ ನಿಂತಳು. "ನಾ ಸುಮ್ಮಿದ್ದಿದ್ದು ಒಪ್ಪಿಗಿ ಅಲ್ಲ. ಹೆದರಿಕಿ. ನನಗ ಈ ಮದುವಿ ಬ್ಯಾಡ್ರಿ. ತಪ್ಪು ನಿಮ್ದಲ್ಲ, ಇಷ್ಟು ದಿನ ಹೇಳದಿದ್ದ ನಂದು."

ಸೂಗಪ್ಪನ ಮುಖ ಕೆಂಪಾಯಿತು. "ಏನಂದೀ?!"

"ಬೈಬ್ಯಾಡ್ರಿ" ಎಂದಳು ಹುಡುಗನ ತಾಯಿ, ಸೆರಗು ಸರಿಮಾಡಿಕೊಳ್ಳುತ್ತಾ. "ಅಕ್ಕಿಕಾಳು ಬೀಳೂಕ್ಕಿಂತ ಮೊದಲ ಹೇಳ್ಯಾಳ, ಚೊಲೋ ಆತು. ನನ್ನ ಮಗನಿಗೆ ಹೆದರಿ ಬಂದಾಕಿ ಬ್ಯಾಡ."

ಅವರು ಚಹಾ ಕುಡಿದೇ ಹೋದರು. ದೊಡ್ಡ ಮನಸ್ಸಿನವರು. ಸೂಗಪ್ಪ ಮಾತ್ರ ಕಂಬಕ್ಕೊರಗಿ ತಲೆ ಮೇಲೆ ಕೈ ಹೊತ್ತು ಕೂತ. ಶಿವಕುಮಾರಿ ಕೋಲು ಊರುತ್ತಾ ಕೋಣೆಗೆ ಹೋಗಿ ತಂಬಿಗೆ ಎತ್ತಿದಳು.

ದಡ್... ದಡ್... ದಡ್.

ಬಿಡುವು.

ಗೋಡೆಯಾಚೆ ಸ್ಟೂಲ್ ಉರುಳಿ, ಯಾರೋ ಓಡಿದ ಸಪ್ಪಳ. ಉಳಿದೆರಡು ಪೆಟ್ಟಿಗೆ ಕೈ ಎತ್ತಿದ್ದಳಷ್ಟೇ, ಮುಂಬಾಗಿಲಲ್ಲಿ ಯಾರೋ ಬಡಿದರು. ದಡ್ ದಡ್!

ಆಕೆ ಕೋಲು ಹಿಡಿದು ಕುಂಟುತ್ತಲೇ ಓಡಿದಳು. ಬಾಗಿಲಲ್ಲಿ ಅವನು. ಗುಂಗುರು ಕೂದಲು, ಹಣೆಯ ಮೇಲೆ ಹೆಲ್ಮೆಟ್ಟಿನ ಗೆರೆ, ಒದ್ದೆಯಾದ ಕಣ್ಣು. ಓ, ಈ ಕೈಗೆ ಈ ಮುಖವೇ?

"ನಾ ಗ್ವಾಡಿ ಏನ್ರಿ?" ಮೊದಲ ಮಾತೇ ಅದು. ಹೇಳುತ್ತಲೇ ಅಳು ಬಂತು.

"ನಿಮ್ಮ ಹೆಸರು ಸಾವಿರ ಮಂದಿ ಮುಂದ ಹೇಳಿದ್ರ ನಿಮ್ಮ ಮನ್ಯಾಗ ಏನಾಗತಿತ್ತು? ನನ್ನ ಬಾಯಾಗ ಬಂದಿತ್ರಿ, ನುಂಗಿದೆ. ಹಂಗ ಅಂದದ್ದಕ್ಕ ಮಾಫ್ ಮಾಡ್ರಿ."

"ಮತ್ತ ಇವತ್ತ್ಯಾಕ ಸುಮ್ಮಿದ್ರಿ? ನಾ ಎಷ್ಟು ಕಾದೆ!"

"ಒಪ್ಪೀರಿ ಅಂದ್ಕೊಂಡೆ. ನೀವು ಸುಮ್ಮಿದ್ರಲ್ಲ..." ಅಂದವನು ತಾನೇ ನಾಲಿಗೆ ಕಚ್ಚಿಕೊಂಡ. "ನೀವು ಬ್ಯಾಡ ಅಂದದ್ದು ಗ್ವಾಡಿಯಾಚೆ ಕೇಳಿಸ್ತ್ರಿ. ನಾನೂ ಎಲ್ಲಾರಂಗ ತಪ್ಪು ಓದಿದೆ."

ಹಿಂದೆ ಕೆಮ್ಮು ಕೇಳಿಸಿತು. ಸೂಗಪ್ಪ!

"ಅಂದ್ರ... ಒಂದು ತಿಂಗಳಿಂದ ಆ ಸಪ್ಪಳದಾಗ ಅರ್ಧ ನೀನ ಮಾಡತಿದ್ದೇನಬೇ?"

"ಹೂನ್ರೀ ಯಪ್ಪಾ."

ಸೂಗಪ್ಪ ಮಗಳನ್ನು ನೋಡಿದ, ತನ್ನ ಪಾದವನ್ನೂ ನೋಡಿಕೊಂಡ. ಸಿಟ್ಟು ಹೋಗಿರಲಿಲ್ಲ. ಆದರೆ ಇಪ್ಪತ್ನಾಲ್ಕು ವರ್ಷದಲ್ಲಿ ಮಗಳನ್ನು ಒಂದು ಸಲವೂ ಕೇಳಲಿಲ್ಲವೆಂಬುದು ಅವತ್ತೇ ಮನಸ್ಸಿಗೆ ಚುಚ್ಚಿತ್ತು.

"ಬಾಗಲಾಗ ನಿಂತು ಮಾತಾಡಬ್ಯಾಡ್ರಿ, ಮಂದಿ ನೋಡತಾರ. ಐತವಾರ ಮಸ್ಕಿಯಿಂದ ನಿಮ್ಮ ಹಿರ್ಯಾರ್ನ ಕರಕೊಂಡು ಬಾ. ಒಪ್ಪತೀನಂತ ಹೇಳವಲ್ಲೆ... ಮಾತಾಡೋಣು." ಒಳಗೆ ಹೋಗುತ್ತಾ ಕೂಗಿದ. "ಸಂಗೂ, ಇನ್ನೆರಡು ಚಾ ಇಡು!"

ಸಂಗಮ್ಮ ಆಗಲೇ ಇಟ್ಟಿದ್ದಳು.

ಇಬ್ಬರೇ ಉಳಿದರು. ನಡುವೆ ಗೋಡೆಯಿಲ್ಲ. ಗೋಡೆಯಿಲ್ಲದೆ ಹೇಗೆ ಮಾತಾಡುವುದೆಂದು ಇಬ್ಬರಿಗೂ ಗೊತ್ತಿರಲಿಲ್ಲ.

"ಶಿವಕುಮಾರಿ..." ಮೊದಲ ಸಲ ಹೆಸರು ಹಿಡಿದು ಕರೆದ. "ನಾ ನಿಮ್ಮನ್ನ..."

ನಿಂತುಬಿಟ್ಟ. ಆಕೆ ಕಾದಳು. ಇನ್ನೂ ಕಾದಳು.

"ಗ್ಯಾಪ್ ಭಾಳ ಉದ್ದ ಆತ್ರಿ" ಎಂದಳು.

"ಉಳಿದಿದ್ದು ಎರಡ ಪೆಟ್ಟು. ಅವು ನಿಮ್ವ ಅಲ್ಲೇನ್ರಿ?"

ಶಿವಕುಮಾರಿ ಕೋಲನ್ನು ಗೋಡೆಗೊರಗಿಸಿ, ಸುಟ್ಟ ಕಲೆಯ ಆ ಕೈ ಹಿಡಿದು ನಿಂತಳು.

"ನನಗೂ" ಅಂದಳು. "ನೀವ ಬೇಕು."