ನರಿಯ ಬಾಯಿಗೆ ಹಾಕಿದ ಬೀಗ

ಕೋಳಿಗೂಡಿನ ಜಾಲರಿಯ ಕೊನೆಯ ಕಟ್ಟನ್ನು ಬಿಗಿಯುವಾಗ ಕಟಿಂಗ್ ಪ್ಲೇಯರ್ ಜಾರಿ, ತಂತಿಯ ತುದಿ ಅನುಶ್ರೀಯ ಹೆಬ್ಬೆರಳಿಗೆ ಹೊಕ್ಕಿತು. ಅವಳು ಆ ಬೆರಳನ್ನು ಬಾಯಿಗಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಜಾಲರಿಯನ್ನು ಒತ್ತಿ ಹಿಡಿದೇ ಕುಳಿತಳು. ಬಿಟ್ಟರೆ ಬೆಳಗಿನಿಂದ ಮಾಡಿದ್ದೆಲ್ಲ ಸುರುಳಿ ಸುತ್ತಿಕೊಂಡು ಎದ್ದುಬಿಡುತ್ತಿತ್ತು.

"ತಂತಿ ಕಟ್ಬುಟ್ರೆ ನರಿ ಬರಾಕಿಲ್ವಾ? ಮಣ್ಣು ತೋಡ್ಕಂಡು ಬತ್ತದೆ," ಎಂದರು ಬೆನ್ನ ಹಿಂದೆ ನಿಂತಿದ್ದ ಅತ್ತೆ ಸುಬ್ಬಮ್ಮ. "ನಿನ್ನೆ ಜುಟ್ಟಿ ಕೋಳಿ ಓಯ್ತು. ನಾಳೆ ಇನ್ನೊಂದು ಓಯ್ತದೆ. ನನ್ನ ಮಾತು ಯಾವತ್ತು ಕೇಳಿದ್ದೀಯೆ ನೀನು?"

ಅನುಶ್ರೀ ಕಟ್ಟನ್ನು ಇನ್ನೊಂದು ಸುತ್ತು ಬಿಗಿದಳು. ಅತ್ತೆ ಬಿದ್ದು ಸೊಂಟ ಮುರಿದುಕೊಂಡಾಗ, ಹಾಸನದ ಶಾಲೆಯ ಕೆಲಸ ಬಿಟ್ಟು ಮಗಳು ನಿಸರ್ಗಳನ್ನು ಕಟ್ಟಿಕೊಂಡು ಹಳ್ಳಿಮೈಸೂರಿನ ಪಕ್ಕದ ಈ ಊರಿಗೆ ಬಂದಿದ್ದಳು. ಅದಕ್ಕೆ ಹತ್ತು ತಿಂಗಳಾಯಿತು. ಅತ್ತೆಯ ಸೊಂಟ ಕೂಡಿತು, ಇವಳು ಇಲ್ಲೇ ಉಳಿದಳು. ಈ ಮನೆಯಲ್ಲಿ ತನ್ನದು ಅಂತ ಅವಳಿಗಿದ್ದದ್ದು ಹಿತ್ತಿಲಿನ ನಾಟಿಕೋಳಿಗಳು ಮಾತ್ರ. ಮಾವನ ಕಾಲದಲ್ಲಿ ಹೊಗೆಸೊಪ್ಪು ಒಣಗಿಸುತ್ತಿದ್ದ ಬ್ಯಾರನ್ ಅಲ್ಲಿ ಪಾಳುಬಿದ್ದಿತ್ತು. ಕಿಟಕಿಯಿಲ್ಲದ ಎತ್ತರದ ಮಣ್ಣಿನ ಗೋಡೆ, ಬಗ್ಗಿ ನುಸುಳಬೇಕಾದ ಬಾಗಿಲು, ಒಳಗೆ ನಡುಮಧ್ಯಾಹ್ನವೂ ಕತ್ತಲು. ಅದನ್ನೇ ಗುಡಿಸಿ ಸಾರಿಸಿ ಗೂಡು ಮಾಡಿದ್ದಳು. ಹಿಂದಿನ ಜೋಳದ ಹೊಲದಿಂದ ನರಿ ಬಂದು ಒಂದೊಂದಾಗಿ ಒಯ್ಯುತ್ತಿತ್ತು. ಬಾಗಿಲಿಗೆ ಹಲಗೆ ಹೊಡೆದರೆ ಗೋಡೆಯ ಬುಡ ತೋಡಿತು. ಬುಡಕ್ಕೆ ಕಲ್ಲು ಜೋಡಿಸಿದರೆ ಹಗಲು ಮೇಯುವಾಗಲೇ ಹಿಡಿಯಿತು. ಜಾಲರಿಯನ್ನು ಒಂದಡಿ ಆಳಕ್ಕೆ ಹೂಳಬೇಕು, ಒಂದು ಭಾನುವಾರ ಅಗೆದುಕೊಡಿ ಎಂದು ಗಂಡ ಮೋಹನ್‌ಕುಮಾರನಿಗೆ ಎಷ್ಟು ಸಲ ಹೇಳಿದ್ದಳೋ. "ಕೋಳಿ ತಾನೆ ಅನು, ಹೋದ್ರೆ ಹೋಗ್ಲಿ ಬಿಡು," ಎನ್ನುತ್ತಿದ್ದ ಅವನು, ಫೋನಿನಿಂದ ತಲೆ ಎತ್ತದೆ.

ಸುಬ್ಬಮ್ಮ ಇವತ್ತು ಒಬ್ಬರೇ ಬಂದಿರಲಿಲ್ಲ. ಜೊತೆಗೆ ಪುಟ್ಟತಾಯಮ್ಮ ಇದ್ದಳು. ದನ ಕಳೆದುಹೋದರೆ, ಕಾಡುಪ್ರಾಣಿ ಅದಕ್ಕೆ ಬಾಯಿ ಹಾಕದ ಹಾಗೆ 'ಬಾಯಿ ಕಟ್ಟುವ' ಮುದುಕಿ. ಅವಳು ಯಾರನ್ನೂ ಕೇಳದೆ ಜಾಲರಿಗೆ ಸಿಕ್ಕಿಕೊಂಡಿದ್ದ ನರಿಯ ಕೂದಲನ್ನು ಬಿಡಿಸಿ, ಮಡಿಲಿನಿಂದ ಒಂದು ಪುಟ್ಟ ಹಿತ್ತಾಳೆ ಬೀಗ ತೆಗೆದಳು. ಬೀಗದ ಕೊಂಡಿಗೆ ಕೂದಲು ಸುತ್ತಿ, ತುಟಿಯ ಹತ್ತಿರ ಹಿಡಿದು ಏನೋ ಗುಣುಗುಣಿಸಿದಳು. ಅವಳ ಬಾಯಿಂದ ಕಡ್ಡಿಪುಡಿಯ ವಾಸನೆ ಬಂತು. ಟಕ್. ಬೀಗ ಬಿತ್ತು. ಆ ಸದ್ದಿಗೆ ಬ್ಯಾರನ್ನಿನೊಳಗೆ ಕೆದಕುತ್ತಿದ್ದ ಕೋಳಿಗಳು ಒಮ್ಮೆಗೇ ಸುಮ್ಮನಾದವು.

ಬೀಗವನ್ನು ಬ್ಯಾರನ್ನಿನ ಹೊಸಿಲ ಕಲ್ಲಿನ ಕೆಳಗೆ ಹೂತು, ಮುದುಕಿ ಬೀಗದ ಕೈಯನ್ನು ಅನುಶ್ರೀಯ ಅಂಗೈಗೆ ಒತ್ತಿದಳು. "ಸಾಕೋರ ಕೈಯಾಗೇ ಇರಬೇಕು ಇದು. ಮೂರನೇ ದಿನ ದೀಪ ಅಚ್ಚೋ ಒತ್ತಿಗೆ ಬೀಗ ತಗುದು, ಒಂದು ಕೋಳಿಯ ಬೇಲಿತಾವ ಬುಟ್ಬುಡು. ಮರೀಬ್ಯಾಡ ಕಣವ್ವ."

"ನರಿಗೆ ನಾವೇ ಊಟ ಹಾಕೋದಾದ್ರೆ ಬೀಗ ಯಾಕಜ್ಜಿ?" ಅನುಶ್ರೀ ನಕ್ಕಳು. "ಬಾಳೆಎಲೆ ಹಾಸಿ ಕೂರಿಸಿಬಿಡೋಣ. ಪಾಯಸನೂ ಬಡಿಸ್ತೀನಿ."

ಮುದುಕಿ ನಗಲಿಲ್ಲ. "ಅದ್ಕೂ ಒಟ್ಟೆ ಅದೆ. ಕಟ್ಟಿದ ಬಾಯ ಬಿಚ್ಚದೆ ಬುಟ್ರೆ ಆ ಕಟ್ಟು ಸುಮ್ಕಿರಾಕಿಲ್ಲ. ಮನೇಲಿ ಬಾಯಿ ಉಡುಕ್ಕಂಡು ಬತ್ತದೆ."

"ಬರಲಿ. ನಮ್ಮನೇಲಿ ಬಾಯಿಗೇನು ಕೊರತೆ," ಎಂದಳು ಅನುಶ್ರೀ. ಅತ್ತೆಯ ಮುಖ ಕಪ್ಪಿಟ್ಟಿತು.

ಮೂರು ದಿನ ಒಂದು ಪುಕ್ಕವೂ ಉದುರಲಿಲ್ಲ. ತನ್ನ ಜಾಲರಿಯೇ ಗಟ್ಟಿಯಾಗಿ ನಿಂತಿತು ಎಂದು ಅನುಶ್ರೀಗೆ ಒಳಗೊಳಗೇ ಹೆಮ್ಮೆ. ಮೂರನೆಯ ಸಂಜೆ ಸುಬ್ಬಮ್ಮ ದೇವರ ಮುಂದೆ ಬತ್ತಿ ಹೊಸೆಯುತ್ತಾ ಮೂರು ಸಲ ಕೂಗಿ ನೆನಪಿಸಿದರು. ಅವಳು ಬೀಗದ ಕೈ ಹಿಡಿದು ಹಿತ್ತಿಲಿಗೆ ಹೋದಳು. ಕೆಂಚಿ ಎಂಬ ಕೋಳಿ ಅವಳ ಪಾದಕ್ಕೆ ಬಂದು ತಗುಲಿತು. ಕಾವಿಗೆ ಕೂರಿಸಿ, ಮರಿ ಮಾಡಿಸಿ, ಕಣ್ಣಿಗೆ ಹರಳೆಣ್ಣೆ ಹಚ್ಚಿ ಬೆಳೆಸಿದ್ದನ್ನು, ಇಷ್ಟು ದಿನ ಯಾವುದರಿಂದ ಕಾಪಾಡಿದಳೋ ಅದರ ಬಾಯಿಗೇ ಕೈಯಾರೆ ಇಡಬೇಕೇ? ಸಿಟ್ಟು ಬಂತು. ಹೊಸಿಲ ಕಲ್ಲನ್ನು ಮುಟ್ಟದೆ ಒಳಗೆ ಬಂದಳು.

"ತಗುದ್ಯಾ?"

"ತೆಗೆದೆ ಅತ್ತೆ."

"ಕೋಳಿ ಬುಟ್ಟ್ಯಾ?"

"ಬಿಟ್ಟೆ." ಇನ್ನೊಂದು ಪ್ರಶ್ನೆ ಬಾರದಿದ್ದರೆ ಸಾಕಿತ್ತು ಅವಳಿಗೆ.

ಮಾರನೆಯ ದಿನ ಮಟಮಟ ಮಧ್ಯಾಹ್ನ ನರಿ ಬಂತು. ಬೇಲಿಯ ಹೊರಗೆ ಕುಳಿತಿತ್ತು. ಕಲ್ಲು ಬೀರಿದರೆ ಏಳಲಿಲ್ಲ. ದವಡೆಗಳು ಅಂಟಿಸಿದಂತೆ ಮುಚ್ಚಿದ್ದವು, ಸಂದಿಯಿಂದ ಜೊಲ್ಲು ಎಳೆಎಳೆಯಾಗಿ ಇಳಿಯುತ್ತಿತ್ತು. ಒಂದು ಮರಿಕೋಳಿ ಬೇಲಿ ದಾಟಿ ಅದರ ಮೂಗಿನ ಕೆಳಗೇ ಕೆದಕುತ್ತಿದ್ದರೂ ನರಿ ಮೂತಿಯಿಂದ ಅದನ್ನು ಮೆಲ್ಲಗೆ ತಳ್ಳಿತು, ಅಷ್ಟೆ. ಆಮೇಲೆ ಅನುಶ್ರೀಯನ್ನು ನೋಡಿತು. ಏನೋ ಕೇಳುವ ಹಾಗೆ. ಅದರ ಮೈಯ ಕಮಟು ವಾಸನೆ ಮನೆಯೊಳಗೂ ಬಂದು ಒಗೆದ ಬಟ್ಟೆಗೂ ಹತ್ತಿಕೊಂಡಿತು.

ಐದನೆಯ ಬೆಳಿಗ್ಗೆ ಹುಂಜ ಕೂಗಲಿಲ್ಲ. ಗೋಡೆಯ ಮೇಲೆ ಕತ್ತು ಚಾಚಿ, ರೆಕ್ಕೆ ಬಡಿದು, ಎಲ್ಲವನ್ನೂ ಮಾಡಿತು. ಸದ್ದೊಂದು ಬರಲಿಲ್ಲ. ಕೋಳಿಗಳು ಹಾಕಿದ ಕಾಳನ್ನು ನೋಡುತ್ತ ನಿಂತವು. ರಾಣಿಖೇತ್ ರೋಗವಿರಬೇಕು, ಲಸಿಕೆ ತರಬೇಕು ಎಂದು ತನಗೆ ತಾನೇ ಹೇಳಿಕೊಂಡಳು.

ಆರನೆಯ ಬೆಳಿಗ್ಗೆ ಸುಬ್ಬಮ್ಮನವರ ದವಡೆ ಹಿಡಿದುಕೊಂಡಿತು.

ಕಾಫಿ ಲೋಟ ತುಟಿಗೆ ತಂದರು. ತುಟಿ ಅಲುಗಿತು, ಹಲ್ಲು ಬಿಡಲಿಲ್ಲ. ಕಾಫಿ ಗಲ್ಲದಿಂದ ಸೆರಗಿಗೆ ಸುರಿಯಿತು. ಮೋಹನ್‌ಕುಮಾರ ಕಾರು ಮಾಡಿಸಿಕೊಂಡು ಹೊಳೆನರಸೀಪುರಕ್ಕೆ, ಅಲ್ಲಿಂದ ಹಾಸನಕ್ಕೆ ಓಡಿದ. ಧನುರ್ವಾಯು ಅಲ್ಲ, ನರ ಅಲ್ಲ, ಸ್ಕ್ಯಾನಿಂಗಿನಲ್ಲಿ ಏನೂ ಇಲ್ಲ. ಹಲ್ಲಿನ ಸಂದಿಯಲ್ಲಿ ನೀರಿನಂಥ ಗಂಜಿ ಬಿಡಿ, ವಾರ ಬಿಟ್ಟು ಬನ್ನಿ ಎಂದರು ಡಾಕ್ಟರು.

ಮರುದಿನ ಮನೆ ತಣ್ಣಗಿತ್ತು. ಉಪ್ಪು ಜಾಸ್ತಿ ಎನ್ನುವವರಿಲ್ಲ, ಗೇಟಿಗೆ ಹೋದರೆ ಎಲ್ಲಿಗೆ ಎಂದು ಕೇಳುವವರಿಲ್ಲ. ಅನುಶ್ರೀ ಬಿಸಿ ಅನ್ನವನ್ನು ಕೂತು, ನಿಧಾನವಾಗಿ, ಪೂರ್ತಿ ಉಂಡಳು. ಹಾಯೆನಿಸಿತು. ಹಾಯೆನಿಸಿದ್ದು ತಿಳಿದ ಕೂಡಲೇ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ತಲೆ ಎತ್ತಿದರೆ ಎದುರು ಗೋಡೆಗೊರಗಿ ಕುಳಿತ ಅತ್ತೆ ಅವಳನ್ನೇ ನೋಡುತ್ತಿದ್ದರು. ಗಲ್ಲದ ಮೇಲೆ ಎಳೆಎಳೆಯಾಗಿ ಜೊಲ್ಲು. ಏನೋ ಕೇಳುವ ಕಣ್ಣು. ಆ ನೋಟವನ್ನು ಅವಳು ಬೇಲಿಯ ಆಚೆ ನೋಡಿದ್ದಳು.

ಕೈ ತೊಳೆಯದೆ ಓಡಿದಳು.

ಹೊಸಿಲ ಕಲ್ಲು ಎಬ್ಬಿಸಿದಳು. ಬೀಗ ಇತ್ತು. ಏಳು ದಿನದ ಹಿಂದೆ ಹೊಳೆಯುತ್ತಿದ್ದದ್ದು ನೂರು ವರ್ಷ ನೆಲದಲ್ಲಿದ್ದಂತೆ ಕಿಲುಬು ಹಿಡಿದಿತ್ತು. ಬೀಗದ ಕೈ ಒಳಗೆ ಹೋಯಿತು. ತಿರುಗಲಿಲ್ಲ. ಇನ್ನೊಮ್ಮೆ ಒತ್ತಿದಳು. ಇಲ್ಲ. ಆಗ ಬ್ಯಾರನ್ನಿನೊಳಗೆ ಯಾರೋ ಉಸಿರೆಳೆದರು.

ಹಳೆಯ ಹೊಗೆಸೊಪ್ಪಿನ ಘಾಟು. ಹಿಕ್ಕೆಯ ನಾತ. ಅದರ ಮೇಲೆ ಆ ಕಮಟು. ಕತ್ತಲಲ್ಲಿ ಕೋಳಿಗಳು ಸಾಲಾಗಿ ಕುಳಿತಿದ್ದವು. ಒಂದೂ ಮಿಸುಕಲಿಲ್ಲ. ಅವುಗಳ ನಡುವೆ, ನೆಲದ ಮೇಲೆ, ಎರಡು ಮಂದ ಬೆಳಕು. ಜಾಲರಿ ಹರಿದಿರಲಿಲ್ಲ. ಬುಡ ತೋಡಿರಲಿಲ್ಲ. ಅದು ಹೇಗೆ ಬಂತು? ನರಿ ತೆವಳಿತು. ಪಕ್ಕೆಲುಬು ನೆಲಕ್ಕೆ ಉಜ್ಜುವ ಸದ್ದು. ಹತ್ತಿರ. ಇನ್ನೂ ಹತ್ತಿರ. ಒದ್ದೆ ಮೂತಿ ಅವಳ ಪಾದಕ್ಕೆ ತಗುಲಿತು. ಕಚ್ಚಲಿಲ್ಲ. ಕಚ್ಚಲು ಬಾಯಿರಲಿಲ್ಲ. ಮೂತಿಯನ್ನು ಅವಳ ಹಿಮ್ಮಡಿಗೆ ಒಮ್ಮೆ ಉಜ್ಜಿತು. ಎರಡು ಸಲ. ಬೆಳಕು ಆರಿತು.

ಅನುಶ್ರೀ ಕರೆತಂದ ಪುಟ್ಟತಾಯಮ್ಮ ಸತ್ತ ನರಿಯ ದವಡೆಯನ್ನು ಮುಟ್ಟಿ ನೋಡಿ ಕುಕ್ಕರಿಸಿದಳು.

"ತಗುದಿಲ್ಲ ಅಲ್ವಾ ನೀನು?"

ಅನುಶ್ರೀ ಇಲ್ಲವೆಂದು ತಲೆಯಾಡಿಸಿದಳು.

"ಕಟ್ಟಿದ ಬಾಯಲ್ಲೇ ಸತ್ತೋಗದೆ. ಇನ್ನು ಸುಮ್ಕೆ ಬಿಚ್ಚಾಕಾಗಕಿಲ್ಲ. ಸುಬ್ಬಮ್ಮ ತೀರೋದ್ರೆ ಆ ಕಟ್ಟು ಮಗೀನ ತಾವ್ಕೆ ಬತ್ತದೆ. ಇಲ್ಲಾಂದ್ರೆ, ಮನೇರು ಯಾರಾರಾ ಒಪ್ಕಂಡು ಅದ ತಮ್ಮ ಬಾಯಿಗೆ ತಕಬೇಕು. ಬೀಗದ ಕೈಯ ಬಾಯಲ್ಲಿ ಕಚ್ಕಂಡು, ಬೀಗವ ತಿರುಗಿಸ್ಬೇಕು. ತಿರುಗ್ತದೆ ಆಗ."

"ಎಷ್ಟು ದಿನ ಇರುತ್ತೆ ಅಜ್ಜಿ?"

"ಗೊತ್ತಿದ್ರೆ ಯೋಳ್ತಿರ್ನಿಲ್ವಾ?" ಮುದುಕಿ ಕಣ್ಣೊರೆಸಿಕೊಂಡು ಎದ್ದು ಹೋದಳು.

ಅನುಶ್ರೀ ಜಗಲಿಯ ಮೇಲೆ ಕುಳಿತಳು. ಗಂಡ ಆಫೀಸಿನಿಂದ ಫೋನ್ ಮಾಡಿದ. "ಅಮ್ಮ ಹೆಂಗವ್ರೆ? ಏನಾದ್ರೂ ತರಬೇಕಾ?"

"ರೀ, ಒಂದು ಮಾತು ಹೇಳ್ಬೇಕಿತ್ತು."

"ಬಂದಾಗ ಹೇಳು ಅನು, ಇಲ್ಲಿ ಮೀಟಿಂಗ್ ಐತೆ." ಫೋನ್ ಕಟ್ಟಾಯಿತು.

ಅವಳು ಆ ಕಪ್ಪು ಪರದೆಯನ್ನು ನೋಡುತ್ತ ಕುಳಿತಳು. ಹತ್ತು ತಿಂಗಳು. ಜಾಲರಿ ಹೂಳಬೇಕು ಎಂದು ಹೇಳಿದಳು. ಶಾಲೆಗೆ ವಾಪಸ್ ಹೋಗುತ್ತೇನೆ ಎಂದು ಹೇಳಿದಳು. ಒಂಟಿ ಅನಿಸುತ್ತದೆ ಎಂದೂ ಒಮ್ಮೆ ಹೇಳಿದ್ದಳು. ಅವಳ ಬಾಯಿಂದ ಬಂದದ್ದರಲ್ಲಿ ಈ ಮನೆ ನಿಜವೆಂದು ನಂಬಿದ್ದು ಒಂದೇ ಮಾತನ್ನು, ಬೀಗ ತೆಗೆದೆ ಎಂಬ ಸುಳ್ಳನ್ನು.

ನಿಸರ್ಗ ಬಂದು ಮಡಿಲೇರಿದಳು.

"ಕತೆ ಹೇಳ್ಲಾ ಪುಟ್ಟಿ?"

"ಇನ್ನೂ ಕತ್ತಲೇ ಆಗಿಲ್ವಲ್ಲಮ್ಮ!"

"ಇವತ್ತು ಬೇಗ."

ಒಂದು ಹೇಳಿದಳು. ಮಗು ಇನ್ನೊಂದು ಅಂದಿತು. ಇನ್ನೊಂದನ್ನೂ ಹೇಳಿದಳು, ಎಲ್ಲೂ ಅವಸರ ಮಾಡದೆ, ಕಾಗೆಯ ದನಿಯನ್ನು ಕಾಗೆಯ ಹಾಗೆ, ರಾಣಿಯ ದನಿಯನ್ನು ರಾಣಿಯ ಹಾಗೆ. ಆಮೇಲೆ ಮಗಳ ಹೆಸರನ್ನು ಸುಮ್ಮನೆ ನಾಲ್ಕು ಸಲ ಕರೆದಳು. "ಇಲ್ಲೇ ಇದೀನಲ್ಲಮ್ಮ," ಎಂದು ಮಗು ನಕ್ಕಿತು.

ಒಳಗೆ ಸುಬ್ಬಮ್ಮ ಗೋಡೆಗೊರಗಿದ್ದರು. ದೇವರ ದೀಪಕ್ಕೆ ಎಣ್ಣೆ ಹಾಕಿ, ಅತ್ತೆಯ ಗಲ್ಲ ಒರೆಸಿ, ನಾಳೆಯ ರಾಗಿಹಿಟ್ಟು ಅಳೆದಿಟ್ಟು ಅನುಶ್ರೀ ಹಿತ್ತಿಲಿಗಿಳಿದಳು. ಬೆಳಕು ಇನ್ನೂ ಸ್ವಲ್ಪ ಇತ್ತು. ಬ್ಯಾರನ್ನಿನ ಬಾಗಿಲಲ್ಲಿ ನಿಂತು, ಹೊಲದ ಅಂಚಿನವರೆಗೂ ಕೇಳುವ ಹಾಗೆ, ಒಂದೊಂದರ ಹೆಸರು ಹಿಡಿದು ಕೂಗಿದಳು.

"ಬಾ ಬಾ ಬಾ... ಕೆಂಚೀ... ಚುಕ್ಕೀ... ಬಾ ಬಾ ಬಾ..."

ಬಂದವು. ಸದ್ದಿಲ್ಲದೆ, ಒಂದರ ಹಿಂದೆ ಒಂದು, ಹೊಸಿಲು ದಾಟಿ ಕತ್ತಲೊಳಗೆ ಹೋದವು. ಕೊನೆಯದೂ ಒಳಗಾಗುವವರೆಗೆ ಅವಳು ಕೂಗುತ್ತಲೇ ಇದ್ದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಬೀಗದ ಕೈಗೆ ಅಂಟಿದ್ದ ಮಣ್ಣನ್ನು ಹೆಬ್ಬೆರಳಿನಿಂದ ಒರೆಸತೊಡಗಿದಳು.