ಕಪ್ಪು ಬಾಗಿಲ ಮೇಲಿನ ಅಂಗೈ

ಗೋವಿಂದರಾಜನಗರದ ನಮ್ಮ ಮನೆಯ ವಾರ್ಡ್‌ರೋಬಿಗೆ ಕಪ್ಪು ಲ್ಯಾಮಿನೇಟ್ ಆರಿಸಿದವಳು ನನ್ನ ತಂಗಿ ಚೈತ್ರ. ಆ ಶೀಟು ಮನೆಗೆ ಬರುವ ಮೊದಲೇ ಡೆಂಗಿ ಜ್ವರದಲ್ಲಿ ತೀರಿಕೊಂಡಳು. ತಿಥಿ ಮುಗಿಸಿ, ಅವಳ ಇಷ್ಟದಂತೆಯೇ ಕೆಲಸ ಮಾಡಿಸಿದೆವು.

ಕೆಲವೇ ದಿನಗಳಲ್ಲಿ ಬಾಗಿಲ ಮೇಲೊಂದು ಅಂಗೈ ಗುರುತು ಕಂಡಿತು. ಕಪ್ಪು ಶೀಟಿನ ಮೇಲೆ ಯಾರು ಮುಟ್ಟಿದರೂ ಅಚ್ಚು ಎದ್ದು ಕಾಣುತ್ತದೆ, ನಮ್ಮದೇ ಕೈ ಇರಬೇಕು ಅಂದುಕೊಂಡೆ. ಆದರೆ ಅದರ ಕಿರುಬೆರಳು ಸೊಟ್ಟಗಿತ್ತು. ಚಿಕ್ಕಂದಿನಲ್ಲಿ ಮುರಿದ ಚೈತ್ರಳ ಬೆರಳು ಹಾಗೆಯೇ ಕೂಡಿಕೊಂಡಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತಿತ್ತು, ಮರುದಿನ ಮಧ್ಯಾಹ್ನ ಮತ್ತೆ ಬರುತ್ತಿತ್ತು. ಆ ಜಾಗ ಮಾತ್ರ ಜ್ವರದ ಮೈಯಂತೆ ಬಿಸಿಯಾಗಿರುತ್ತಿತ್ತು.

ಅಮ್ಮ ಅದರ ಮೇಲೆ ತನ್ನ ಕೈಯಿಟ್ಟು ನಿಂತುಬಿಡುತ್ತಿದ್ದಳು. "ಒರೆಸ್ಬೇಡ ಕಣೋ, ಇರ್ಲಿ ಬಿಡು," ಅನ್ನುತ್ತಿದ್ದಳು.

"ಊಟ ಬಿಟ್ಟು ಹಿಂಗೇ ನಿಂತಿದ್ರೆ ನೀನೂ ಹಾಸಿಗೆ ಹಿಡೀತೀಯಮ್ಮ," ಎಂದು ಬೇಡಿಕೊಂಡೆ. ಅವಳು ಕದಲಲಿಲ್ಲ. ಹೆದರಿ, ಕಾರ್ಪೆಂಟರ್ ಭೈರೇಶನನ್ನು ಕರೆಸಿ ಆ ಬಾಗಿಲನ್ನೇ ತೆಗೆಸಿ, ಅದೇ ಕಪ್ಪು ಶೀಟಿನ ಹೊಸ ಬಾಗಿಲು ಹಾಕಿಸಿದೆ.

ಗುರುತು ಮತ್ತೆ ಬರಲಿಲ್ಲ. ಅಮ್ಮ ನನ್ನನ್ನು ಬೈಯಲೂ ಇಲ್ಲ. ಮಧ್ಯಾಹ್ನವಾದರೆ ಎದ್ದು ಹೋಗಿ ಆ ಖಾಲಿ ಬಾಗಿಲನ್ನು ಸವರಿ ಬರುತ್ತಾಳೆ. ತೆಗೆಸಬಾರದಿತ್ತು ಎಂದು ಆಗೆಲ್ಲ ಅನ್ನಿಸುತ್ತದೆ.

ಆ ಹೊಸ ಬಾಗಿಲಿನ ಮೇಲೆ ಅಮ್ಮನ ಕೈಗುರುತೂ ಉಳಿಯುವುದಿಲ್ಲ. ಮೊನ್ನೆ ಕರೆಸಿ ತೋರಿಸಿದಾಗ ಭೈರೇಶ್ ಎಣ್ಣೆ ಸವರಿದ ಅಂಗೈಯನ್ನೇ ಒತ್ತಿ ನೋಡಿದ.

"ಬೇರೆ ಮನೆಗಳಲ್ಲೂ ಇದೇ ಶೀಟು ಹಾಕಿದೀನಿ ಸಾರ್," ಎಂದ, "ಎಲ್ಲಾ ಕಡೆ ಕಲೆ ಕೂರುತ್ತೆ."

ಅವನು ಮಾತು ಮುಗಿಸುವಷ್ಟರಲ್ಲಿ ಅವನ ಕೈಯ ಗುರುತು ಅಲ್ಲಿರಲಿಲ್ಲ.